ಓದುಗರ ಸ್ಪಂದನ: ನೆರೆಮನೆಯ ಹಲಸು, ನಮ್ಮ ಮನೆಯ ಹೆಂಚು

ಬೇಲಿಯಾಚೆಯ ಹಲಸಿನ ಕೊಂಬೆ ತಮ್ಮ ಹೆಂಚಿನ ಮೇಲೆ ಚಾಚಿದೆ, ನೆರೆಯವರು ಸವರಲು ಒಪ್ಪುತ್ತಿಲ್ಲ, ತಾವೇ ಕಡಿಸಬಹುದೇ ಎಂದು ಸಕಲೇಶಪುರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೂಡಿಗೆರೆ ಸಮೀಪದ ನಮ್ಮ ಹಿತ್ತಿಲಿನಲ್ಲಿ ತಂದೆಯವರು ನೆಟ್ಟ ಮಿಡಿಮಾವಿನ ಮರವಿತ್ತು. ಅದರ ಒಂದು ಕೊಂಬೆಯ ನೆರಳು ಪಕ್ಕದವರ ಕಣದ ಮೇಲೆ ಬಿದ್ದು, ಹರವಿದ ಕಾಫಿ ಒಣಗಲು ತಡವಾಗುತ್ತಿತ್ತೆಂಬುದು ನಿಜ. ಆದರೆ ನಾವೆಲ್ಲ ಮದುವೆಗೆಂದು ಹೋಗಿದ್ದಾಗ ಅವರು ಆಳುಗಳನ್ನು ಕರೆಸಿ, ಆ ಒಂದು ಕೊಂಬೆಗೆ ನಿಲ್ಲಿಸದೆ, ಬೇಲಿ ದಾಟಿ ಬಂದು ಇಡೀ ಒಂದು ಮಗ್ಗುಲನ್ನೇ ಬೋಳಿಸಿದ್ದರು. ಭಾರವೆಲ್ಲ ಒಂದೇ ಕಡೆ ಉಳಿದ ಮರ ಮುಂದಿನ ಮಳೆಗಾಲದ ಗಾಳಿಗೆ ಬುಡಸಮೇತ ಉರುಳಿತು. ತಂದೆಯವರು ದೂರು ಕೊಡಲಿಲ್ಲ, ಜಗಳವನ್ನೂ ಆಡಲಿಲ್ಲ. ಆ ಮನೆಯ ಕಡೆಗಿದ್ದ ಕಿಟಕಿಯನ್ನು ಮುಚ್ಚಿಸಿದರು. ಅವರು ತೀರಿಕೊಂಡ ದಿನ ಪಕ್ಕದವರು ಬಂದು ಅಂಗಳದಲ್ಲಿ ನಿಂತಾಗ, ಒಳಗೆ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ತಮಗೆ ಹಕ್ಕಿದೆಯೋ ಇಲ್ಲವೋ ನಾನರಿಯೆ. ಕೊಂಬೆ ಕಡಿಯುವ ಹೊತ್ತಿಗೆ ಮರದ ಯಜಮಾನರು ಅಲ್ಲಿಯೇ ಇರಲಿ.

ಹಕ್ಕಿನ ಪ್ರಶ್ನೆಗೆ ಹಾಸನದ ನಿವೃತ್ತ ವಕೀಲರೊಬ್ಬರ ಉತ್ತರ ಹೀಗಿದೆ.

ತಮ್ಮ ಗಡಿಯೊಳಗೆ ಚಾಚಿದ ಭಾಗವನ್ನು ತಮ್ಮ ನೆಲದಲ್ಲೇ ನಿಂತು ಸವರಬಹುದು. ನೆರೆಯವರ ಹಿತ್ತಿಲಿಗೆ ಕಾಲಿಡುವಂತಿಲ್ಲ, ಕಡಿದ ಕೊಂಬೆಯೂ ಕಾಯಿಯೂ ಮರದವರದ್ದೇ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗಿನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಆದ್ದರಿಂದ ದೊಡ್ಡ ಕೊಂಬೆಗೆ ಕೈಹಾಕುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಮಾತು ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅದು ನಡೆಸುವ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಅಪೀಲಿಲ್ಲ.

ಕೊಪ್ಪದಿಂದ ಬಂದ ಪತ್ರದಲ್ಲಿ ಎರಡೇ ಸಾಲುಗಳಿವೆ, ಕಟುವಾದರೂ ಅಪ್ರಸ್ತುತವಲ್ಲ.

ಇಷ್ಟು ವರ್ಷ ಆ ಮರದ ತೊಳೆ ತಿಂದಿರಾ? ತಿಂದಿದ್ದರೆ ಪತ್ರದಲ್ಲಿ ಅದನ್ನೇಕೆ ಬರೆಯಲಿಲ್ಲ?

ಅರಸೀಕೆರೆಯವರೊಬ್ಬರು ತಮ್ಮ ಮನೆಯತ್ತ ಬಾಗಿದ ತೆಂಗಿನ ಬಗ್ಗೆ ವಿವರವಾಗಿ ಬರೆದಿದ್ದಾರೆ. ಸವರಲು ಕೊಂಬೆಯೇ ಇಲ್ಲದ ಆ ಮರದ ಸಮಸ್ಯೆಗೆ ಪ್ರತ್ಯೇಕ ಚರ್ಚೆ ಬೇಕಾದೀತು. ಚಿಕ್ಕಮಗಳೂರಿನ ಬೆಳೆಗಾರರ ಸಲಹೆಯನ್ನು ಮಾತ್ರ ಪೂರ್ಣವಾಗಿ ಕೊಡುತ್ತಿದ್ದೇವೆ.

ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ತಗಲುತ್ತದೆಂದು ನಾವು ಮುಂಗಾರಿಗೆ ಮೊದಲೇ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುತ್ತೇವೆ. ತಾವೂ ಅದೇ ಕಾಲದಲ್ಲಿ, ಅದೇ ಆಳುಗಳಿಂದ ಮಾಡಿಸಿ. ಮೊದಲು ಕೊಂಬೆಯ ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕೊಯ್ದರೆ ಸಿಪ್ಪೆ ಸೀಳುವುದಿಲ್ಲ, ಮರ ಸೊರಗುವುದಿಲ್ಲ. ಇದನ್ನು ನೆರೆಯವರಿಗೂ ತಿಳಿಸಿ. ಕೂಲಿಯನ್ನು ತಾವೇ ಕೊಟ್ಟು, ಸೌದೆಯನ್ನು ಅವರಿಗೆ ಬಿಡಿ.