ಬ್ರೇಕ್ ಸ್ವಿಚ್ಚಿನ ಚಾರ್ಟ್: ‘ಓಪನ್’, ‘ಕ್ಲೋಸ್’ಗೆ ಏನು ಬರೆಯೋದು? (ನಾಳೆ ಪ್ರಿಂಟ್)

ಗೆಳೆಯರೇ, ಸ್ವಲ್ಪ ಅರ್ಜೆಂಟು. ಗ್ಯಾರೇಜಿನ ಗೋಡೆಗೆ ಅಂಟಿಸುವ ಒಂದು ಚಾರ್ಟನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಓದುವವರು ಐಟಿಐ ಮುಗಿಸಿ ಬಂದ ಹುಡುಗರು. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು.

ವಿಷಯ ಇಷ್ಟು. ಪೆಡಲ್ ಒತ್ತಿದರೂ ಹಿಂದಿನ ಕೆಂಪು ಲೈಟ್ ಹತ್ತುತ್ತಿಲ್ಲ, ಅಥವಾ ಕಾಲು ತೆಗೆದರೂ ಆರುತ್ತಿಲ್ಲ. ತೊಂದರೆ ಎಲ್ಲಿ? ಮೊದಲು ಫ್ಯೂಸ್ ಮತ್ತು ಬಲ್ಬ್ ನೋಡಬೇಕು. ಆಮೇಲೆ ಪೆಡಲ್ ಹತ್ತಿರದ ಸ್ವಿಚ್ಚಿಗೆ 12 ವೋಲ್ಟ್ ಬರುತ್ತಿದೆಯಾ, ಒತ್ತಿದಾಗ ಆಚೆ ತಂತಿಗೆ ದಾಟುತ್ತಿದೆಯಾ ಅಂತ ನೋಡಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಈ ಸ್ವಿಚ್ಚಿಗೆ ನಾಲ್ಕು ತಂತಿ, ಎರಡು ಜೋಡಿ. ಪೆಡಲ್ ಬಿಟ್ಟಾಗ ಒಂದು ಜೋಡಿ ಓಪನ್ (ಕರೆಂಟ್ ದಾಟಲ್ಲ), ಇನ್ನೊಂದು ಕ್ಲೋಸ್ (ದಾಟುತ್ತದೆ). ಒತ್ತಿದಾಗ ಉಲ್ಟಾ. ಎರಡೂ ತಾಳೆಯಾಗುತ್ತವಾ ಅಂತ ಗಾಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಕರಡಿನಲ್ಲಿ ‘ತೆರೆದಿದೆ’, ‘ಮುಚ್ಚಿದೆ’ ಎಂದಿದೆ. ಒಬ್ಬ ಹುಡುಗ ಓದಿ, ‘ತೆರೆದಿದ್ರೆ ಕರೆಂಟ್ ಹರೀಬೇಕಲ್ವಾ ಸಾರ್, ನಲ್ಲಿ ಥರ?’ ಅಂದ. ಅವನದು ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಬೇರೆ ಪದ ಇದ್ದರೆ ಹೇಳಿ.

* * *

ತೆರೆದ ಮಂಡಲ, ಮುಚ್ಚಿದ ಮಂಡಲ. ಇದರಲ್ಲಿ ಚರ್ಚೆಗೇನಿದೆ? ಹುಡುಗನಿಗೆ ಪದ ಬೇಡ, ಪಾಠ ಬೇಕು.

* * *

‘ಮಂಡಲ’ ಅಂದ ಕೂಡಲೇ ನಮ್ಮೂರಲ್ಲಿ 48 ದಿನದ ವ್ರತ ನೆನಪಾಗುತ್ತದೆ. ಸರ್ಕ್ಯೂಟಿಗೆ ‘ಸುತ್ತು’ ಸಾಕು. ಕಡಿದ ಸುತ್ತು, ಕೂಡಿದ ಸುತ್ತು. ಮುಗೀತು.

ಇನ್ನು ‘ಬ್ರೇಕ್’ ಯಾಕೆ ಹಾಗೇ ಉಳಿಯಬೇಕು? ಎತ್ತಿನ ಗಾಡಿಗೆ ‘ಬಿರಿ’ ಹಾಕೋದು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. ಸ್ವಿಚ್ಚಿಗೆ ಬಿರಿಗುಂಡಿ, ಲೈಟಿಗೆ ಬಿರಿದೀಪ. ಎಷ್ಟು ಚೆನ್ನಾಗಿದೆ ನೋಡಿ. ‘ಬಿರಡೆ’ಯ ನೆಂಟ ಇರಬೇಕು ಇದು. ಅಚ್ಚಗನ್ನಡ.

* * *

> ಅಚ್ಚಗನ್ನಡ

ಆಧಾರ? ಬ್ರೇಕು, ಬಿರೇಕು, ಬಿರಿ ಅಂತ ಯಾಕಾಗಿರಬಾರದು? ಶ್ರೀಯನ್ನು ಸಿರಿ ಮಾಡಿದ ನಾಲಿಗೆ ನಮ್ಮದು. ಅದೂ ಇರಲಿ, ಮೊಗ್ಗು ಬಿರಿಯೋದು ಅಂದರೆ ಅರಳೋದು. ಓಪನ್, ಕ್ಲೋಸ್ ಗೊಂದಲ ಬಿಡಿಸೋಕೆ ಕೂತು ಬ್ರೇಕನ್ನೇ ‘ಬಿರಿ’ ಅಂದರೆ ಆ ಹುಡುಗರ ಗತಿ ಏನು?

‘ಕಡಿದ’ ಕೂಡ ನಡೆಯಲ್ಲ. ಪೆಡಲ್ ಬಿಟ್ಟಾಗ ಲೈಟಿನ ಜೋಡಿ ಓಪನ್ ಇರೋದು ಸರಿಯಾದ ಸ್ಥಿತಿ. ಅಲ್ಲಿ ಏನೂ ಕಡಿದಿಲ್ಲ. ತಂತಿ ಒಳಗೆ ತುಂಡಾಗಿದ್ದರೆ ಅದು ರೋಗ. ಇಂಗ್ಲಿಷಿನವರು ಎರಡಕ್ಕೂ ಓಪನ್ ಅಂತಾರೆ. ನಾವೂ ಎರಡನ್ನೂ ಒಂದೇ ಪದಕ್ಕೆ ಕಟ್ಟಿಹಾಕಬೇಕಾ?

* * *

ನಾನು ಗ್ಯಾರೇಜಿನವನು. ಇಲ್ಲಿ ಯಾರೂ ಮಂಡಲ ಅನ್ನಲ್ಲ, ಸುತ್ತೂ ಅನ್ನಲ್ಲ. ‘ವೈರ್ ಕಟ್’, ‘ಬಾಡಿ ಶಾರ್ಟ್’, ‘ಅರ್ತ್ ಬರ್ತಿಲ್ಲ’, ‘ಸ್ವಿಚ್ ಹೋಗಿದೆ’ ಅಂತೀವಿ.

ಪದಕ್ಕಿಂತ ಮುಂಚೆ ಚಾರ್ಟ್ ಸರಿ ಮಾಡಿ. ಬರೀ 12 ವೋಲ್ಟ್ ನೋಡಿದರೆ ಸಾಲದು. ಸ್ವಿಚ್ಚಿನೊಳಗೆ ಕರಕಲು ಹಿಡಿದಿದ್ದರೂ ಮೀಟರು 12 ತೋರಿಸಬಹುದು, ಯಾಕೆಂದರೆ ಮೀಟರು ಕರೆಂಟ್ ಎಳೆಯೋದೇ ಇಲ್ಲ ಅನ್ನುವಷ್ಟು ಕಮ್ಮಿ. 21 ವ್ಯಾಟಿನ ಒಂದು ಬಲ್ಬಿಗೇ ಸುಮಾರು 1.75 ಆಂಪಿಯರ್ ಬೇಕು. ಟೆಸ್ಟ್ ಲ್ಯಾಂಪ್ (ತಂತಿ ಕಟ್ಟಿದ, ಕರೆಂಟ್ ಎಳೆಯುವ ಬಲ್ಬ್) ಹಾಕಿ ನೋಡಿದರೆ ಬಣ್ಣ ಬಯಲು.

ಕಾಲು ತೆಗೆದರೂ ಲೈಟ್ ಆರದಿದ್ದರೆ ಸ್ವಿಚ್ಚನ್ನು ಬೈಯೋ ಮುಂಚೆ ಪೆಡಲ್ ತೋಳಿನ ಮೇಲಿರುವ ಸಣ್ಣ ಬಿಲ್ಲೆ ನೋಡಲಿ. ರಬ್ಬರೋ ಪ್ಲಾಸ್ಟಿಕ್ಕೋ ಇರುತ್ತದೆ. ಹಳೇದಾದರೆ ಪುಡಿಯಾಗಿ ಉದುರುತ್ತದೆ. ಆಗ ಸ್ವಿಚ್ಚಿನ ಮೂತಿ ಬಿಲ್ಲೆಯಿದ್ದ ತೂತಿನೊಳಗೆ ನುಗ್ಗಿ ಪೂರ್ತಿ ಈಚೆ ಬಂದುಬಿಡುತ್ತದೆ. ಬ್ರೇಕ್ ಒತ್ತಿದ್ದಾರೆ ಅಂತ ಗಾಡಿ ತಿಳಿಯುತ್ತದೆ. ರಾತ್ರಿಯೆಲ್ಲ ಲೈಟ್ ಉರಿದು ಬೆಳಗ್ಗೆ ಬ್ಯಾಟರಿ ಡೌನ್. ಕಾಲಡಿಯ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಕೆಲಸ ಅರ್ಧ ಮುಗಿದ ಹಾಗೆ.

ಪದ ಬೇಕೇ ಬೇಕು ಅಂದರೆ ‘ಹಾಕು’, ‘ತೆಗೆ’ ಇಟ್ಟುಕೊಳ್ಳಿ. ಬಾಗಿಲು ಹಾಕು, ಲೈಟ್ ಹಾಕು. ಬಾಗಿಲು ತೆಗಿ, ಲೈಟ್ ತೆಗಿ. ಕ್ಲೋಸ್ ಆದರೆ ಹತ್ತುತ್ತೆ, ಓಪನ್ ಆದರೆ ಆರುತ್ತೆ. ಕನ್ನಡದಲ್ಲಿ ಆಗಲೇ ಸರಿಯಾಗಿದೆ, ‘ತೆರೆ’, ‘ಮುಚ್ಚು’ ತಂದು ನೀವೇ ಕೆಡಿಸಿದ್ದು.

* * *

ನಮ್ಮ ಧಾರವಾಡದ ಕಡೆ ಲೈಟ್ ಹಚ್ಚತೀವ್ರಿ, ಹಾಕೂದಿಲ್ಲ. ಮೈಸೂರು ಮಾತನ್ನು ರಾಜ್ಯಕ್ಕೆಲ್ಲ ಹೇರಬ್ಯಾಡ್ರಿ. ಅಲ್ಲದೆ ‘ಸ್ವಿಚ್ ತೆಗೆದಿದೆ’ ಅಂದರೆ ಬಿಚ್ಚಿ ಕೈಗೆ ಕೊಟ್ಟಾರ ಅಂತ ಅರ್ಥ.

* * *

> ‘ವೈರ್ ಕಟ್’, ‘ಬಾಡಿ ಶಾರ್ಟ್’

ಇದಕ್ಕೆ ಕನ್ನಡದ ಚಾರ್ಟ್ ಯಾಕೆ? ಸುಮ್ನೆ ಇಂಗ್ಲಿಷಿನಲ್ಲೇ ಅಂಟಿಸಿ. ಪದ ಸಾಲ ತರೋದು ಸುಲಭ, ತೀರಿಸಿದವರು ಯಾರಿದ್ದಾರೆ?

* * *

ಸ್ವಾಮಿ, ನಿಮ್ಮ ಕಾರಿನ ‘ಚಾವಿ’ ಅನ್ನೋ ಪದ ಪೋರ್ಚುಗೀಸರದು. ಕಾರು ಓಡುವ ‘ರಸ್ತೆ’ ಪರ್ಷಿಯನ್ನರದು. ಬ್ರೇಕಿಗೆ ಮಾತ್ರ ಮಡಿಯಾ?

* * *

ಕೀಲಿ ಅನ್ನಬಹುದು. ದಾರಿ ಅನ್ನಬಹುದು. ಮನಸ್ಸು ಬೇಕು ಅಷ್ಟೆ.

* * *

ಎಲ್ಲರಿಗೂ ಥ್ಯಾಂಕ್ಸ್. ಓಪನ್, ಕ್ಲೋಸ್ ಎರಡನ್ನೂ ಕೈಬಿಟ್ಟೆ. ಚಾರ್ಟಿನಲ್ಲಿ ಈಗ ಹೀಗಿದೆ:

ಪೆಡಲ್ ಬಿಟ್ಟಾಗ: ಲೈಟಿನ ಜೋಡಿಯಲ್ಲಿ ಕರೆಂಟ್ ದಾಟಬಾರದು. ಇನ್ನೊಂದು ಜೋಡಿಯಲ್ಲಿ ದಾಟಬೇಕು.
ಪೆಡಲ್ ಒತ್ತಿದಾಗ: ಇದರ ಉಲ್ಟಾ.
ಲೈಟಿನ ಜೋಡಿಯಲ್ಲಿ ಒತ್ತಿದರೂ ದಾಟದಿದ್ದರೆ: ಸ್ವಿಚ್ ಹೋಗಿದೆ, ಇಲ್ಲವೇ ವೈರ್ ಕಟ್. ಟೆಸ್ಟ್ ಲ್ಯಾಂಪ್ ಹಾಕಿ ನೋಡಿ.
ಲೈಟಿನ ಜೋಡಿಯಲ್ಲಿ ಯಾವಾಗಲೂ ದಾಟುತ್ತಿದ್ದರೆ: ಮೊದಲು ಬಿಲ್ಲೆ ನೋಡಿ.

ಆ ಹುಡುಗನಿಗೆ ಓದಿಸಿದೆ. ಏನೂ ಕೇಳಲಿಲ್ಲ. ಸರ್ಕ್ಯೂಟಿಗೆ ಸರ್ಕ್ಯೂಟ್ ಅಂತಲೇ ಹಾಕಿದ್ದೇನೆ, ಬೈಯಬೇಡಿ.

* * *

ಬೈಯಲ್ಲ. ‘ಬಿರಿ’ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ. ಇಲ್ಲಿ ಮೆಕ್ಯಾನಿಕ್‌ಗಳೇ ಜಾಸ್ತಿ.