ಬಸ್ಯಾನ ವಾಚು, ಬೆಕ್ಕಿನ ಮೀಸಿ

ಉಣಕಲ್ ಕೆರಿ ದಂಡಿಮ್ಯಾಲೆ ಎಲ್ಲಾರೂ ಸುತ್ತು ಹಾಕಿ ಗಿರ್ಮಿಟ್ ಅಂಗಡಿ ಮುಂದ ಕೂತಿದ್ದಿವಿ. ಬಸ್ಯಾ ಮಾತ್ರ ಕೂತಲ್ಲೇ ಎಡಗೈ ತೂಗಾಕ ಹತ್ತಿದ್ದ.

"ಯಾಕಲೇ, ಕೈ ಜೋಮ ಹಿಡದದೇನು?" ಅಂದರು ಶೀನೂಕಾಕಾ.

"ಇಲ್ಲರಿ, ಇನ್ನೊಂದಿಷ್ಟು ಹೆಜ್ಜಿ ಕಮ್ಮಿ ಬಿದ್ದಾವು. ಕೈ ಅಳ್ಳಾಡಿಸಿದ್ರೂ ವಾಚ್ ಎಣಸತೈತಿ."

"ಅಂದ್ರ ಈ ಗಿರ್ಮಿಟ್ ಕಲಸಾಂವ ದಿನಾ ಮ್ಯಾರಥಾನ್ ಓಡತಾನನ್ನು."

"ಹತ್ತು ಸಾವಿರ ಮುಟ್ಟಬೇಕ್ರಿ ಕಾಕಾ. ಡಾಕ್ಟರ್ ಲೆಕ್ಕ."

"ಯಾವ ಡಾಕ್ಟರೋ?" ಮಾಸ್ತರು ಬಾಯಿ ಹಾಕಿದರು. "1965ರಾಗ ಜಪಾನಿನ್ಯಾಗ ಹೆಜ್ಜಿ ಎಣಸೋ ಯಂತ್ರ ಮಾರಾಕ ತಂದು, ಹೆಸರಿನ್ಯಾಗ ಹತ್ತು ಸಾವಿರ ಸೇರಿಸಿದ್ರು. ಅಂಗಡಿ ಲೆಕ್ಕ ಅದು."

"ಅದಿರಲಿ, ಕುಂಟತೀಯಲ್ಲ?" ಅಂದರು ಕಾಕಾ.

"ನಿನ್ನೆ ವಾಚ್ ನೋಡಕೋತ ಹೊಂಟಾಗ ತೆಗ್ಗಿನ್ಯಾಗ ಬಿದ್ದೆ."

"ಅದನ್ನೂ ಎಣಸ್ತೇನು?"

"ಹೂನ್ರಿ. ಏಳು ಹೆಜ್ಜಿ."

ಕಾಕಾಗ ನಗು ತಡೀಲಿಲ್ಲ. "ನಮ್ಮನಿ ಬೆಕ್ಕಿಗೂ ಮುಂಗಾಲಿನ ಮಣಿಕಟ್ಟಿನ ಹಿಂದ, ನೀ ವಾಚ್ ಕಟ್ಟೋ ಜಾಗಾದಾಗ, ಮೀಸಿಯಂಥಾ ನಾಕೈದು ಗಡಸು ಕೂದಲ ಅವ. ಒಮ್ಮೆನೂ ತೆಗ್ಗಿನ್ಯಾಗ ಬಿದ್ದಿಲ್ಲ. ಚಾರ್ಜಿಗೂ ಹಚ್ಚಿಲ್ಲ."

"ಖರೆ," ಅಂದರು ಮಾಸ್ತರು. "ಬೆಕ್ಕಿಗೆ ಮಾರಿ ಮುಂದಿಂದು ನೆಟ್ಟಗ ಕಾಣೂದಿಲ್ಲ. ಹಿಡದ ಇಲಿ ಒದ್ದಾಡತೈತೋ ಇಲ್ಲೋ ಆ ಕೂದಲ ಹೇಳತಾವ. ಕೂದಲಿಗೆ ಸ್ವತಃ ಏನೂ ತಿಳಿಯೂದಿಲ್ಲ. ಬುಡದಾಗ ರಕ್ತ ತುಂಬಿದ ಚೀಲ, ಅದರ ಸುತ್ತ ನರಗಳು. ತುದಿ ಒಂಚೂರು ಬಾಗಿದ್ರ ಸಾಕು, ಸುದ್ದಿ ಮಿದುಳಿಗೆ."

"ಇಲಿಗ್ರೀ?"

"ಅದಂತೂ ಮೀಸಿ ಸೆಕೆಂಡಿಗೆ ಎಂಟ್ಹತ್ತು ಸಲ ಹಿಂದ ಮುಂದ ಆಡಸತೈತಿ. ಓಡುವಾಗ ಮುಂದ ಚಾಚಿ ನೆಲಾ ಸವರತೈತಿ. ಮೀಸಿ ಮುಟ್ಟಿದಲ್ಲೇ ಹಿಂದಿಂದ ಮುಂಗಾಲು ಬೀಳತೈತಿ."

"ನೋಡಲೇ ಬಸ್ಯಾ," ಅಂದರು ಕಾಕಾ, "ಇಲಿ ಮುಂದಿನ ಹೆಜ್ಜಿ ನೋಡತದ. ನಿನ್ನ ವಾಚು ಹಿಂದಿನವು ಎಣಸತದ."

"ಮನಷ್ಯಾಗ ಯಾಕಿಲ್ಲರಿ ಅಂಥಾ ಕೂದಲ? ನಮ್ಮ ಗೌಡ್ರ ಮೀಸಿ ನೋಡ್ರಿ, ಎಷ್ಟ್ ದೊಡ್ದೈತಿ!"

"ನಮ್ಮ ಮೀಸಿ ಬುಡದಾಗ ಆ ರಕ್ತದ ಚೀಲ ಇಲ್ಲ," ಅಂದರು ಮಾಸ್ತರು.

"ಗೌಡ್ರ ಮೀಸಿ ಅವರಿಗೆ ತಿಳೀಲಿಕ್ಕಲ್ಲೋ, ಎದುರಿನವರಿಗೆ ತಿಳೀಲಿಕ್ಕೆ," ಅಂದು ಕಾಕಾ ಮೆಣಸಿನಕಾಯಿ ಕಡಿದರು. ಮೀಸಿಯಿಂದ ಮಾತು ದಾಡಿಗೆ ಹೋತು, ದಾಡಿಯಿಂದ ಕ್ಷೌರದಂಗಡಿ ರೇಟಿಗೆ. ಅಲ್ಲಿಂದ ಹೊಳ್ಳಿ ಬರೂದ್ರಾಗ ಚಹಾ ಬಂತು.

"ನಮ್ಮಜ್ಜಗ ಮೀಸೀನ ಇರಲಿಲ್ಲ," ಅಂದರು ಕಾಕಾ, ಕಪ್ಪು ಊದುತ್ತ. "ಅಂಗಾಲಿತ್ತು. ಕುಸುಗಲ್ ಕಡೆ ಎರಿ ಹೊಲ. ಹಿಂಗಾರಿ ಬಿತ್ತಿಗಿಗೆ ಮೊದಲು ಬರಗಾಲಿಲೆ ಒಂದು ಸುತ್ತು ಹಾಕಾಂವ. ಕಾಲಾಗ ಹೆಂಟಿ ಒಡದ್ರ ಕೂರಗಿ ಹೂಡ್ರಿ, ಮೆತ್ತಿದ್ರ ಇನ್ನೆರಡು ದಿನಾ ತಡೀರಿ ಅಂತಿದ್ದ. ನನಗೂ ಹೇಳಿಕೊಟ್ಟಾನ. ನಾ ಚಪ್ಪಲ್ ಬಿಡಲಿಲ್ಲ."

"ಆ ಹೊಲ ಈಗ?"

"ಲೇಔಟ್."

"ಅಯ್ಯ, ಅಲ್ಲೇ ನಮ್ಮ ಮಾವನ ಮನಿ!" ಬಸ್ಯಾ ಅರಳಿದ. "ಐತವಾರ ಅಲ್ಲೇ ವಾಕಿಂಗ್ ರೀ. ಟೈಲ್ಸ್ ಹಾಕ್ಯಾರ. ಒಂದು ಸುತ್ತಿಗೆ ಎಂಟನೂರಾ ಹನ್ನೆರಡು ಹೆಜ್ಜಿ!"

"ನಮ್ಮಜ್ಜ ಅದೇ ಸುತ್ತು ಹಾಕಿ ಹಗೇವು ತುಂಬ ಜ್ವಾಳ ಮಾಡಿದ. ನಿನಗೇನ ಬಂತೋ?"

ಬಸ್ಯಾ ಮಣಿಕಟ್ಟು ಕಾಕಾನ ಮಾರಿ ಮುಂದ ಹಿಡಿದ. "ಬ್ಯಾಡ್ಜ್ ಬಂದೈತ್ರಿ."