ಸಹಾಯ ಬೇಕು: ಅರ್ಲಿ ಆಕ್ಸೆಸ್‌ನಲ್ಲಿ ಆಟಗಾರರ ಮಾತನ್ನು ಎಷ್ಟರ ಮಟ್ಟಿಗೆ ಕೇಳಬೇಕು?

ಗುಂಪಿನ ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಾವು ಕೆಲವು ಗೆಳೆಯರು, ಮಳೆಗಾಲದ ಚಂದ್ರಗಿರಿ ಹೊಳೆಯಲ್ಲಿ ದೋಣಿ ನಡೆಸುವ ಸಣ್ಣದೊಂದು ಗೇಮ್ ಮಾಡಿದ್ದು, ಅದು ಈಗ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಹಂತದಲ್ಲಿದೆ, ಅಂದರೆ ಪೂರ್ತಿ ಮುಗಿಯುವ ಮೊದಲೇ ಆಟಗಾರರ ಕೈಗೆ ಕೊಟ್ಟಿದ್ದೇವೆ.

ದೋಷಗಳ ವಿಷಯದಲ್ಲಿ ಗೊಂದಲವಿಲ್ಲ. ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆಂದು ಒಬ್ಬರು ಸ್ಕ್ರೀನ್‌ಶಾಟ್ ಸಮೇತ ತಿಳಿಸಿದರು, ಸರಿಪಡಿಸಿದೆವು. ತೊಡಕಿರುವುದು ಅಭಿರುಚಿಯಲ್ಲಿ. ಅಳಿವೆಯ ಬಳಿ ನೀರಿನ ಸೆಳೆತ ವಿಪರೀತವಾಯಿತು, ಕಡಿಮೆ ಮಾಡಿ ಎಂದು ಕೆಲವರು ಪಟ್ಟು ಹಿಡಿದಿದ್ದಾರೆ; ಆ ಸೆಳೆತವೇ ಆಟದ ಜೀವ ಎಂಬುದು ಉಳಿದವರ ವಾದ. ಆದರೆ ದೋಣಿ ಎಲ್ಲೆಲ್ಲಿ ಮಗುಚುತ್ತದೆ ಎಂಬ ದಾಖಲೆಯನ್ನು ತೆರೆದು ನೋಡಿದರೆ, ಹೆಚ್ಚಿನವರು ಆಟ ಬಿಟ್ಟುಹೋಗುತ್ತಿರುವುದು ಅಳಿವೆ ತಲುಪುವುದಕ್ಕೂ ಮೊದಲು, ಹುಟ್ಟು ಹಾಕಲು ಕಲಿಸುವ ಆರಂಭದ ಪಾಠದಲ್ಲಿಯೇ. ಆಟಗಾರರು ಹೇಳುವ ತೊಂದರೆ ನಿಜವಾದರೂ ಅವರು ಸೂಚಿಸುವ ಪರಿಹಾರವೇ ಸರಿಯೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಹೇಡೀಸ್ ಎಂಬ ಗೇಮ್ 2018ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದು, ದೊಡ್ಡ ಅಪ್‌ಡೇಟ್‌ಗಳನ್ನು ಕೊಡುತ್ತಾ 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಂಡದ್ದನ್ನು ಬಲ್ಲೆ. ಅದನ್ನು ಮಾಡಿದ ತಂಡದಷ್ಟು ಕೈಗಳು ನಮ್ಮಲ್ಲಿಲ್ಲ. ಆಟಗಾರರನ್ನು ಹೇಗೆ ತೊಡಗಿಸಿಕೊಳ್ಳುತ್ತೀರಿ ಎಂದು ಸ್ಟೀಮ್ ಕೇಳುವ ಪ್ರಶ್ನೆಗೆ ನಾವು ಬರೆದ ಉತ್ತರವೂ (ಈಗ ಓದಿದರೆ ತುಸು ಧಾರಾಳವೇ!) ಪುಟದಲ್ಲಿ ಹಾಗೆಯೇ ಇದೆ.

ಇಂಥ ಕೆಲಸದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಿ: ಒಪ್ಪಲಾಗದ ಸಲಹೆಗೆ ಕಾರಣ ವಿವರಿಸಿ ಉತ್ತರಿಸುತ್ತೀರೋ, ಸುಮ್ಮನಿರುತ್ತೀರೋ? ಸೆಳೆತದಂಥ ಬದಲಾವಣೆಯನ್ನು ಮೊದಲು, ಬಯಸಿದವರಷ್ಟೇ ಆಡಿ ನೋಡುವ ಪ್ರಯೋಗದ ಆವೃತ್ತಿಯಾದ ಬೀಟಾ ಬ್ರ್ಯಾಂಚ್‌ನಲ್ಲಿ ಬಿಟ್ಟು ನೋಡುವುದಾದರೆ, ಆಟಗಾರರು ಆಡಿದಷ್ಟನ್ನು ಉಳಿಸಿಟ್ಟಿರುವ ಹಳೆಯ ಸೇವ್ ಫೈಲ್‌ಗಳು ಕೆಡದಂತೆ ಹೇಗೆ ನೋಡಿಕೊಳ್ಳುತ್ತೀರಿ?